ಬಡಗಿಯ ಬೆರಳಿಗೆ ಅಂಟಿದ ಚರಿತ್ರೆ

ಹಲಸಿನ ಹಣ್ಣು ಬಿಡಿಸಲು ಕೂರುವವರು ಮೊದಲು ಮಾಡುವ ಕೆಲಸವೆಂದರೆ ಕೈಗೂ ಚೂರಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು. ಎಷ್ಟು ನೀರು ಸುರಿದರೂ ಹೋಗದ ಹಲಸಿನ ಮೇಣ ಎಣ್ಣೆಗೆ ಸೋಲುತ್ತದೆ ಎಂಬುದು ನಮ್ಮ ಅಡುಗೆಮನೆಗಳಿಗೆ ಎಂದಿನಿಂದಲೋ ಗೊತ್ತು. ಪ್ರತಿಯೊಂದು ಅಂಟಿಗೂ ಅದು ಸೋಲುವ ಒಂದು ವಸ್ತುವಿದೆ ಎಂಬ ಈ ಸಣ್ಣ ತಿಳಿವಳಿಕೆಯಲ್ಲಿ ಅಂಟಿನ ವಿಜ್ಞಾನದ ಅರ್ಧಭಾಗ ಅಡಗಿದೆ.

ಆದರೆ ಬಡಗಿಗೆ ಈ ಉಪಾಯ ಒದಗುವುದಿಲ್ಲ. ಎಣ್ಣೆ ತಾಗಿದ ಮರಕ್ಕೆ ಅಂಟು ಹಿಡಿಯದು. ಆದ್ದರಿಂದ ಆತ ಬರಿಗೈಯಲ್ಲೇ ಅಂಟನ್ನು ಸವರಬೇಕು, ಉಕ್ಕಿ ಬಂದದ್ದನ್ನು ಬೆರಳಿನಿಂದಲೇ ಒರೆಸಬೇಕು, ಸಂಜೆ ಮನೆಗೆ ಹೋಗುವ ಮುನ್ನ ಅದನ್ನು ಕೈಯಿಂದ, ಉಗುರಿನ ಸಂದಿಯಿಂದ ಬಿಡಿಸಿಕೊಳ್ಳಬೇಕು. ಈ ಬಿಡಿಸಿಕೊಳ್ಳುವ ಕೆಲಸ ಒಂದು ಕಾಲಕ್ಕೆ ಒಂದು ಚೊಂಬು ಬಿಸಿನೀರಿನಲ್ಲಿ ಮುಗಿಯುತ್ತಿತ್ತು. ಇಂದು ಅದಕ್ಕೆ ಥಿನ್ನರ್, ಅಸಿಟೋನ್, ಉಪ್ಪುಕಾಗದ ಬೇಕಾಗುತ್ತವೆ. ಕೆಲವೊಮ್ಮೆ ಚರ್ಮವೈದ್ಯರೂ ಬೇಕಾಗುತ್ತಾರೆ. ಅಂಟು ಬಲಿಯುತ್ತ ಬಂದ ಚರಿತ್ರೆಯನ್ನು ಬಡಗಿಯ ಕೈಯಲ್ಲೇ ಓದಬಹುದು.

ಮೊದಲ ಬೆರಳಚ್ಚು

ಅಂಟು ಮನುಷ್ಯನ ಬೆರಳಿಗೆ ತಾಗಿದ್ದರ ಅತಿ ಹಳೆಯ ಸಾಕ್ಷಿಗಳಲ್ಲಿ ಒಂದು ದೊರೆತದ್ದು ಜರ್ಮನಿಯಲ್ಲಿ. 1963ರಲ್ಲಿ ಅಲ್ಲಿನ ಕೊನಿಗ್ಸಾವ ಎಂಬಲ್ಲಿನ ಕಲ್ಲಿದ್ದಲು ಗಣಿಯಲ್ಲಿ ಉತ್ಖನನಕಾರರಿಗೆ ಕಪ್ಪು ರಾಳದಂಥ ಎರಡು ತುಂಡುಗಳು ಸಿಕ್ಕವು. ಬರ್ಚ್ ಮರದ ತೊಗಟೆಯನ್ನು ಕಾಯಿಸಿ ಇಳಿಸಿದ ಅಂಟು ಅದು. ವಯಸ್ಸು 40 ಸಾವಿರ ವರ್ಷಗಳಿಗೂ ಹೆಚ್ಚು. ಕಲ್ಲಿನ ಅಲಗನ್ನು ಮರದ ಹಿಡಿಗೆ ಕೂರಿಸಲು ನಿಯಾಂಡರ್ಥಲ್ ಮಾನವರು ಇಂಥ ಅಂಟು ಬಳಸುತ್ತಿದ್ದರು. ಆ ಎರಡು ತುಂಡುಗಳಲ್ಲಿ ಒಂದರ ಮೇಲೆ ಬೆರಳಚ್ಚೊಂದು ಸ್ಪಷ್ಟವಾಗಿ ಮೂಡಿದೆ. ಬಿಸಿ ಅಂಟನ್ನು ಒತ್ತಿ ಕೈ ತೆಗೆದ ಆ ಮನುಷ್ಯ ತನ್ನ ಬೆರಳನ್ನು ಹೇಗೆ ಶುಚಿಮಾಡಿಕೊಂಡನೋ ತಿಳಿಯದು. ಬೆರಳಿನ ಗುರುತು ಮಾತ್ರ ಉಳಿಯಿತು.

ಮರಗೆಲಸದ ಅಂಟು ಎಂದು ನಾವು ಇಂದು ಕರೆಯುವುದರ ಚಿತ್ರ ಮೊದಲು ಕಾಣುವುದು ಈಜಿಪ್ಟಿನಲ್ಲಿ. ಕ್ರಿಸ್ತಪೂರ್ವ 15ನೇ ಶತಮಾನದ ರಾಜಮಂತ್ರಿ ರೆಖ್ಮಿರೆಯ ಸಮಾಧಿಯ ಗೋಡೆಯ ಮೇಲೆ ಬಡಗಿಗಳು ಕೆಲಸ ಮಾಡುತ್ತಿರುವ ದೃಶ್ಯಗಳಿವೆ. ಅಲ್ಲಿ ಬೆಂಕಿಯ ಮೇಲೆ ಅಂಟಿನ ಗಡಿಗೆ ಕುಳಿತಿದೆ. ಆ ಗಡಿಗೆಯಲ್ಲಿದ್ದದ್ದು ಪ್ರಾಣಿಗಳ ಚರ್ಮ, ಎಲುಬುಗಳನ್ನು ಬೇಯಿಸಿ ತೆಗೆದ ಅಂಟು. ಅಲ್ಲಿಂದ ಮುಂದೆ ಸುಮಾರು ಮೂರೂವರೆ ಸಾವಿರ ವರ್ಷ, ಎಂದರೆ 20ನೇ ಶತಮಾನದ ಆರಂಭದವರೆಗೆ, ಜಗತ್ತಿನ ಬಹುಪಾಲು ಬಡಗಿಗಳ ಮುಖ್ಯ ಅಂಟು ಇದೇ ಆಗಿತ್ತು.

ವಜ್ರವೆಂಬ ಹೆಸರು

ಈ ಅಂಟಿಗೆ ಹಿಂದಿಯಲ್ಲಿ ಸರೇಸ್ ಎಂದು ಹೆಸರು. ಕನ್ನಡದ ಆಚಾರಿಗಳು ಕೊಟ್ಟ ಹೆಸರು ಇನ್ನೂ ಗಂಭೀರವಾದದ್ದು: ಮರವಜ್ರ. ಅಂಟಿಗೂ ವಜ್ರಕ್ಕೂ ಇರುವ ಈ ನಂಟು ಹಳೆಯದು. 6ನೇ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ‘ವಜ್ರಲೇಪ’ ಎಂಬ ಒಂದು ಅಧ್ಯಾಯವನ್ನೇ ಇರಿಸಿದ್ದಾನೆ. ಬೇಲದ ಕಾಯಿ, ಬೂರುಗದ ಹೂವು ಮುಂತಾದವನ್ನು ನೀರಿನಲ್ಲಿ ಕುದಿಸಿ, ಎಂಟರಲ್ಲಿ ಒಂದು ಪಾಲಿಗೆ ಬತ್ತಿಸಿ, ಅದಕ್ಕೆ ಗುಗ್ಗುಳ, ಅಗಸೆ, ರಾಳ ಮುಂತಾದವನ್ನು ಸೇರಿಸಿ ಮಾಡುವ ಲೇಪ ಅದು. ದೇವಾಲಯ, ವಿಗ್ರಹ, ಗೋಡೆ, ಬಾವಿಗಳಿಗೆ ಅದನ್ನು ಬಿಸಿಯಾಗಿಯೇ ಹಚ್ಚಬೇಕು. ಅದೇ ಅಧ್ಯಾಯದ ಮತ್ತೊಂದು ಪಾಕದಲ್ಲಿ ಪ್ರಾಣಿಗಳ ಕೊಂಬು, ಚರ್ಮಗಳು ಬರುತ್ತವೆ. ನಮ್ಮ ಮರವಜ್ರದ ಹತ್ತಿರದ ಬಂಧು ಅದು.

ವಜ್ರಲೇಪದ ಸಾಮಗ್ರಿಗಳಲ್ಲಿ ಭಲ್ಲಾತಕವೂ ಒಂದು. ಅದು ನಮ್ಮ ಕರಿಗೇರು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಈ ಕಾಯಿಯ ರಸ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಆ ಲೇಪ ಕಲಸಿದವರ ಕೈಗಳ ಬಗ್ಗೆ ಶಾಸ್ತ್ರಗ್ರಂಥ ಏನನ್ನೂ ಹೇಳುವುದಿಲ್ಲ. ಅಂಟಿನ ಗಟ್ಟಿತನವನ್ನು ಹೊಗಳುವವರು ಅದನ್ನು ಹಚ್ಚಿದ ಕೈಯನ್ನು ಮರೆಯುವುದು ಅಂದಿನಿಂದಲೇ ಇದೆ ಎನ್ನಬೇಕು.

ಮರವಜ್ರದ ಮಟ್ಟಿಗೆ ಮಾತ್ರ ಕೈಗೆ ಹೆಚ್ಚಿನ ತೊಂದರೆ ಇರಲಿಲ್ಲ. ಚರ್ಮ, ಎಲುಬುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಬೆಂದಾಗ ಜಿಲೆಟಿನ್ ಆಗುತ್ತದೆ. ಒಣಗಿದ ಬಿಲ್ಲೆಗಳನ್ನು ನೀರಿನಲ್ಲಿ ನೆನೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಹದವಾಗಿ ಕಾಯಿಸಿದರೆ ಅಂಟು ಸಿದ್ಧ. ನೇರ ಬೆಂಕಿಗೆ ಇಟ್ಟು ಕುದಿಸಿದರೆ ಶಕ್ತಿ ಕುಂದುತ್ತದೆ. ಇದರ ಸ್ವಭಾವ ಬೆಲ್ಲದ ಪಾಕದಂತೆ: ಆರಿದರೆ ಗಟ್ಟಿ, ಕಾಯಿಸಿದರೆ ಮತ್ತೆ ಪಾಕ. ಕೈಗೆ ಹತ್ತಿದ್ದು ಬಿಸಿನೀರಿನಲ್ಲಿ ಕರಗಿ ಹೋಗುತ್ತಿತ್ತು. ಬಡಗಿಗಳನ್ನು ಕಾಡಿದ್ದು ಬೇರೆಯವು. ಬೇಯುವಾಗಿನ ದುರ್ವಾಸನೆ ಒಂದು. ಬೇಗ ಆರಿಹೋಗುವುದರಿಂದ ಕೆಲಸದಲ್ಲಿ ಅವಸರ ಮತ್ತೊಂದು. ಎಲ್ಲಕ್ಕಿಂತ ಹೆಚ್ಚಾಗಿ ಮಳೆಗಾಲದ ತೇವ. ಕೈಯನ್ನು ಸುಲಭವಾಗಿ ಬಿಟ್ಟ ಅಂಟು ತೇವ ತಾಗಿದರೆ ಕುರ್ಚಿಯ ಕಾಲನ್ನೂ ಅಷ್ಟೇ ಸುಲಭವಾಗಿ ಬಿಡುತ್ತಿತ್ತು.

ವಿಮಾನ ತಂದ ಬದಲಾವಣೆ

ತೇವಕ್ಕೆ ಬಿಡದ ಅಂಟು ಬೇಕೆಂಬ ಒತ್ತಾಯ ಬಂದದ್ದು ವಿಮಾನಗಳಿಂದ. ಮೊದಲ ಮಹಾಯುದ್ಧದ ವಿಮಾನಗಳು ಹೆಚ್ಚಾಗಿ ಮರ ಮತ್ತು ಬಟ್ಟೆಯವು. ಹಾಲಿನ ಕೇಸೀನ್ ಪ್ರೋಟೀನಿಗೆ ಸುಣ್ಣ ಬೆರೆಸಿ ಮಾಡಿದ ಅಂಟು ಆಗ ಹೆಸರು ಮಾಡಿತು. ಅದು ಮರವಜ್ರಕ್ಕಿಂತ ಚೆನ್ನಾಗಿ ನೀರನ್ನು ತಡೆಯುತ್ತಿತ್ತು. ಆದರೂ ಹಾಲಿನ ಅಂಶವಲ್ಲವೇ? ಶೆಕೆ, ತೇವಗಳಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ರಸಾಯನಶಾಸ್ತ್ರ ಹೊಸ ದಾರಿ ತೋರಿಸಿತ್ತು. ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯಿನ್ 1930ರ ದಶಕದಲ್ಲಿ ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ‘ಏರೋಲೈಟ್’ ಎಂಬ ಅಂಟನ್ನು ರೂಪಿಸಿದರು. 1940ರ ನವೆಂಬರ್‌ನಲ್ಲಿ ಮೊದಲ ಬಾರಿ ಹಾರಿದ, ಬಹುತೇಕ ಮರದಿಂದಲೇ ಮಾಡಿದ ಬ್ರಿಟಿಷ್ ಯುದ್ಧವಿಮಾನ ‘ಮಾಸ್ಕಿಟೊ’ದಲ್ಲಿ ಮೊದಲು ಕೇಸೀನ್ ಅಂಟಿತ್ತು. ಕ್ರಮೇಣ ಅದರ ಜಾಗಕ್ಕೆ ಫಾರ್ಮಾಲ್ಡಿಹೈಡ್ ಅಂಟು ಬಂತು. 1944ರಲ್ಲಿ ಭಾರತದ ನೆಲೆಗಳಲ್ಲಿದ್ದ ಕೆಲವು ಮಾಸ್ಕಿಟೊಗಳ ರೆಕ್ಕೆಗಳ ಜೋಡಣೆಯಲ್ಲಿ ದೋಷ ಕಂಡುಬಂದು, ಅವುಗಳ ಹಾರಾಟವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ನಮ್ಮ ಹವೆಯಲ್ಲಿ ಮರದ ಬೆಸುಗೆಯ ಪರೀಕ್ಷೆ ಎಷ್ಟು ಕಠಿಣ ಎಂಬುದಕ್ಕೆ ಇದೊಂದು ನಿದರ್ಶನ.

ಈ ಹೊಸ ಅಂಟುಗಳಿಗೂ ಹಳೆಯವಕ್ಕೂ ಇರುವ ವ್ಯತ್ಯಾಸವನ್ನು ಇಟ್ಟಿಗೆಯ ಉದಾಹರಣೆಯಿಂದ ತಿಳಿಯಬಹುದು. ಹಸಿ ಇಟ್ಟಿಗೆ ಒಣಗಿ ಎಷ್ಟೇ ಗಟ್ಟಿಯಾದರೂ ನೀರಿಗೆ ಹಾಕಿದರೆ ಮತ್ತೆ ಮಣ್ಣಾಗುತ್ತದೆ. ಒಮ್ಮೆ ಸುಟ್ಟ ಇಟ್ಟಿಗೆ ಮಣ್ಣಾಗಿ ಕರಗುವುದಿಲ್ಲ. ಮರವಜ್ರ ಒಣಗುವ ಅಂಟು. ಏರೋಲೈಟ್ ಮತ್ತು ಅದರ ಬಳಗ ‘ಬೇಯುವ’ ಅಂಟು. ಅದರ ಅಣುಗಳು ಒಂದಕ್ಕೊಂದು ಕೈ ಹಿಡಿದು ಬಲೆಯಾಗಿಬಿಡುತ್ತವೆ. ಆಮೇಲೆ ಬಿಸಿನೀರಾಗಲಿ ಸೋಪಾಗಲಿ ಆ ಬಲೆಯನ್ನು ಬಿಚ್ಚಲಾರದು. ಗಟ್ಟಿಯಾಗುವ ಮೊದಲೇ ಕೈ ತೊಳೆದರೆ ಉಂಟು, ಇಲ್ಲವಾದರೆ ಕೆರೆಯುವುದೇ ಗತಿ.

ಇಂದು ಮನೆಮನೆಯ ಬಾಗಿಲು, ಮಂಚ, ಕಪಾಟುಗಳಲ್ಲಿ ಸೇರಿಕೊಂಡಿರುವ ಪ್ಲೈವುಡ್ಡಿನ ಪದರಗಳನ್ನು ಹಿಡಿದಿರುವುದು ಹೆಚ್ಚಾಗಿ ಇದೇ ವಂಶದ ಅಂಟು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಪ್ಲೈವುಡ್ ಸಂಶೋಧನೆಗೆಂದೇ ಒಂದು ಸಂಸ್ಥೆ ಇದೆ. ಅದರ ಆರಂಭ 1962ರಲ್ಲಿ. ಬಳಕೆ ಹೆಚ್ಚಿದಂತೆ ಇದರ ಇನ್ನೊಂದು ಮುಖವೂ ಗೊತ್ತಾಯಿತು. ಫಾರ್ಮಾಲ್ಡಿಹೈಡ್ ಚರ್ಮದಲ್ಲಿ ಅಲರ್ಜಿ ಉಂಟುಮಾಡಬಲ್ಲುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು.

ಬಿಳಿ ಅಂಟಿನ ಆಗಮನ

ಅಂಗಡಿಯಲ್ಲಿ ಡಬ್ಬಿಯಾಗಿ ಸಿಗುವ, ಕಾಯಿಸುವ ಗೋಜಿಲ್ಲದ, ವಾಸನೆಯಿಲ್ಲದ ಬಿಳಿ ಅಂಟು ಇವೆರಡರ ನಡುವಿನ ದಾರಿ. ಇದರ ಮೂಲವಸ್ತುವನ್ನು 1912ರಲ್ಲಿ ಜರ್ಮನಿಯ ಫ್ರಿಟ್ಜ್ ಕ್ಲಾಟೆ ಕಂಡುಕೊಂಡರು. ಅದೇ ಪಾಲಿವಿನೈಲ್ ಅಸಿಟೇಟ್. ಭಾರತದಲ್ಲಿ 1959ರಲ್ಲಿ ಬಲವಂತರಾಯ್ ಪಾರೇಖ್ ಮುಂಬೈಯಲ್ಲಿ ಇದನ್ನು ‘ಫೆವಿಕಾಲ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಕಾನೂನು ಓದಿದ್ದ ಅವರು ಒಂದು ಕಾಲಕ್ಕೆ ಮರದ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಜವಾನರಾಗಿದ್ದವರು. ಬಡಗಿಗಳು ಅಂಟು ಕಾಯಿಸಲು ಪಡುತ್ತಿದ್ದ ಪಾಡನ್ನು ಹತ್ತಿರದಿಂದ ಬಲ್ಲವರು. ಅವರ ಕಂಪೆನಿ ಅಂಗಡಿಗಳಿಗಿಂತ ಮೊದಲು ನೇರವಾಗಿ ಬಡಗಿಗಳ ಬಳಿಗೇ ಹೋಯಿತು. ಎರಡು ಆನೆಗಳು ಎಳೆದರೂ ಬಿಡದ ಆ ಚಿಹ್ನೆಯನ್ನು ಅರಿಯದವರು ಇಂದು ವಿರಳ. ಪಾರೇಖ್ 2013ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅವರ ಅಂಟಿನ ಹೆಸರು ‘ಬಿಡದ ನಂಟು’ ಎಂಬುದಕ್ಕೆ ಪರ್ಯಾಯಪದವೇ ಆಗಿತ್ತು.

ಆನೆಗೆ ಬಗ್ಗದ ಈ ಅಂಟು ಕೈಯ ವಿಷಯದಲ್ಲಿ ಮೃದು. ಡಬ್ಬಿಯಲ್ಲಿರುವುದು ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳು. ನೀರನ್ನು ಮರ ಹೀರಿಕೊಂಡಾಗ ಕಣಗಳು ಒಂದಾಗಿ ಪೊರೆ ಕಟ್ಟುತ್ತವೆ. ಹಸಿಯಾಗಿರುವಾಗ ತಣ್ಣೀರು ಸಾಕು. ಒಣಗಿದ ಮೇಲೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಐದು ಹತ್ತು ನಿಮಿಷ ಕೈ ಅದ್ದಿದರೆ ಪೊರೆ ಬೆಳ್ಳಗಾಗಿ ಮೆತ್ತಗಾಗುತ್ತದೆ. ಆಗ ಅದನ್ನು ಉರುಳಿಸಿ ತೆಗೆಯಬಹುದು. ಸ್ವಲ್ಪ ವಿನೆಗರ್ ಬೆರೆಸಿದರೆ ಇನ್ನೂ ಸುಲಭ. ನೀರು ತಡೆಯುವಂತೆ ಮಾಡಿದ ಬಗೆಗಳು ಮಾತ್ರ ಒಣಗಿದ ಮೇಲೆ ಇಷ್ಟು ಬೇಗ ಬಗ್ಗುವುದಿಲ್ಲ. ಅವುಗಳನ್ನು ಹಸಿಯಿರುವಾಗಲೇ ತೊಳೆಯಬೇಕು.

ಆಕಸ್ಮಿಕದ ಕೂಸು

ಕೈಗೆ ಅತಿ ಹೆಚ್ಚು ಕಿರುಕುಳ ಕೊಟ್ಟ ಅಂಟು ಹುಟ್ಟಿದ್ದು ಒಂದು ವಿಫಲ ಪ್ರಯತ್ನದಿಂದ. 1942ರಲ್ಲಿ ಅಮೆರಿಕದ ಕೊಡಕ್ ಕಂಪೆನಿಯ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿಕಾಣಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಸಯನೋಅಕ್ರಿಲೇಟ್ ಎಂಬ ವಸ್ತು ತಾಗಿದ್ದಕ್ಕೆಲ್ಲ ಅಂಟಿಕೊಂಡು ಬಿಡುತ್ತಿದ್ದುದರಿಂದ ಅದನ್ನು ಪಕ್ಕಕ್ಕಿಟ್ಟರು. 1951ರಲ್ಲಿ ಅದೇ ಕಂಪೆನಿಯ ಫ್ರೆಡ್ ಜಾಯ್ನರ್ ಈ ವಸ್ತುವನ್ನು ಅಳೆಯಲು ಹೋಗಿ, ಬೆಲೆಬಾಳುವ ಉಪಕರಣದ ಎರಡು ಗಾಜಿನ ಪಟ್ಟಕಗಳು ಬಿಡದಂತೆ ಅಂಟಿಹೋದವು. ಇದು ದೋಷವಲ್ಲ, ಗುಣ ಎಂದು ಕೂವರ್‌ಗೆ ಹೊಳೆದದ್ದು ಆಗ. 1958ರಲ್ಲಿ ಅದು ಮಾರಾಟಕ್ಕೆ ಬಂತು. ನಮ್ಮಲ್ಲಿ ಫೆವಿಕ್ವಿಕ್ ಮುಂತಾದ ಹೆಸರುಗಳಲ್ಲಿ ಸಣ್ಣ ಕೊಳವೆಗಳಲ್ಲಿ ಸಿಗುವುದು ಇದೇ ಬಗೆಯ ಅಂಟು. ಬಡಗಿಗಳು ಬೀಡಿಂಗ್ ಪಟ್ಟಿ, ಸಣ್ಣ ಚೂರುಗಳನ್ನು ಕೂರಿಸಲು ಇದನ್ನು ಬಳಸುತ್ತಾರೆ.

ಉಳಿದ ಅಂಟುಗಳಿಗೆ ತೇವ ಶತ್ರುವಾದರೆ ಇದಕ್ಕೆ ತೇವವೇ ಪ್ರಾಣ. ಗಾಳಿಯಲ್ಲಿನ, ಮೇಲ್ಮೈಯಲ್ಲಿನ ಅತಿ ಸಣ್ಣ ತೇವಾಂಶ ತಾಗಿದ ಕೂಡಲೇ ಅದು ಗಟ್ಟಿಯಾಗುತ್ತದೆ. ಮನುಷ್ಯನ ಬೆರಳು ಸದಾ ತೇವ. ಅದಕ್ಕೇ ಒಡೆದ ಕಪ್ಪಿನ ಹಿಡಿಗಿಂತ ಮೊದಲು ಹಿಡಿದ ಬೆರಳುಗಳೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಬರಿಯಿಂದ ಎಳೆದರೆ ಚರ್ಮ ಕಿತ್ತುಬರುತ್ತದೆ. ಬಿಸಿ ಸೋಪಿನ ನೀರಿನಲ್ಲಿ ನೆನೆಸಿ, ಬೆರಳುಗಳನ್ನು ಎಳೆಯದೆ ಮೆಲ್ಲನೆ ಉರುಳಿಸಿ ಬಿಡಿಸಬೇಕು. ಬಗ್ಗದಿದ್ದರೆ ಅಸಿಟೋನ್ ಇರುವ ಉಗುರುಬಣ್ಣದ ರಿಮೂವರನ್ನು ಹನಿಹನಿಯಾಗಿ ಹಾಕಬೇಕು. ಹಸಿ ಅಂಟನ್ನು ಹತ್ತಿಬಟ್ಟೆಯಿಂದ ಒರೆಸಲೇಬಾರದು. ಹತ್ತಿಯೊಡನೆ ಸೇರಿದಾಗ ಅದು ಸುಡುವಷ್ಟು ಬಿಸಿಯಾಗುತ್ತದೆ. ಕಣ್ಣು, ತುಟಿಗಳ ಬಳಿ ಅಸಿಟೋನ್ ಕೂಡದು. ಅಲ್ಲಿ ನೀರು ಮತ್ತು ವೈದ್ಯರೇ ಸರಿ. ಕಾಲದ ವಿನೋದವೆಂದರೆ, ಬೆರಳಿನ ಚರ್ಮ ಕೀಳುವ ಈ ಅಂಟಿನ ಒಂದು ಬಗೆಯನ್ನು 1998ರಲ್ಲಿ ಅಮೆರಿಕದಲ್ಲಿ ಗಾಯದ ಚರ್ಮವನ್ನು ಹೊಲಿಗೆಯಿಲ್ಲದೆ ಕೂಡಿಸಲು ಅಂಗೀಕರಿಸಲಾಯಿತು.

ಬಿಡಿಸುವ ಅಸಿಟೋನಿಗೂ ಒಂದು ಚರಿತ್ರೆಯಿದೆ. ಮೊದಲು ಅದನ್ನು ಪಡೆಯುತ್ತಿದ್ದುದು ಮರದಿಂದಲೇ. ಗಾಳಿಯಾಡದಂತೆ ಮರವನ್ನು ಕಾಯಿಸಿ ಬಂದ ದ್ರವಕ್ಕೆ ಸುಣ್ಣ ಸೇರಿಸಿ, ಆ ಲವಣದಿಂದ ಅಸಿಟೋನ್ ಇಳಿಸುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿಗೆ ಅದು ಸಾಲದಾದಾಗ, ಮ್ಯಾಂಚೆಸ್ಟರ್‌ನಲ್ಲಿದ್ದ ಕೈಮ್ ವೈಜ್‌ಮನ್ ಧಾನ್ಯದ ಪಿಷ್ಟವನ್ನು ಬ್ಯಾಕ್ಟೀರಿಯಾದಿಂದ ಹುದುಗಿಸಿ ಅದನ್ನು ಪಡೆಯುವ ವಿಧಾನ ಕೊಟ್ಟರು. ಮುಂದೆ 1949ರಲ್ಲಿ ಅವರು ಇಸ್ರೇಲಿನ ಮೊದಲ ರಾಷ್ಟ್ರಾಧ್ಯಕ್ಷರಾದರು.

ಬೆಲೆ ತೆತ್ತ ಕೈ

ಅಂಟು ಬಲವಾದಷ್ಟೂ ಅದನ್ನು ಬಿಡಿಸುವ ದ್ರವವೂ ತೀಕ್ಷ್ಣವಾಯಿತು. ಸನ್‌ಮೈಕಾ ಹಾಳೆ ಅಂಟಿಸುವ ಹಳದಿ ಬಣ್ಣದ ರಬ್ಬರ್ ಅಂಟು ಕೈಗೆ ಹತ್ತಿದರೆ ಬಡಗಿಗಳು ತೊಳೆಯುವುದು ಥಿನ್ನರಿನಿಂದ, ಇಲ್ಲವೇ ಪೆಟ್ರೋಲಿನಿಂದ. ಎರಡೂ ಅಂಟಿನೊಡನೆ ಚರ್ಮದ ಸಹಜ ಜಿಡ್ಡನ್ನೂ ಕಿತ್ತುಕೊಂಡು ಹೋಗುತ್ತವೆ. ದಿನವೂ ಹೀಗಾದರೆ ಕೈ ಒಣಗಿ ಸೀಳುತ್ತದೆ. ಆ ಸೀಳಿನೊಳಗೆ ಮರುದಿನ ಹೊಸ ಅಂಟು ಇಳಿಯುತ್ತದೆ. ಪಕ್ಕದಲ್ಲಿ ಬೀಡಿಯ ಕಿಡಿ ಇದ್ದರಂತೂ ಅಪಾಯ ಹೇಳಬೇಕಾಗಿಲ್ಲ. ಈ ರಬ್ಬರ್ ಅಂಟನ್ನು ಒಣಗಲು ಬಿಟ್ಟು, ಅಂಗೈಯಿಂದ ಅಂಗೈ ಉಜ್ಜಿದರೆ ಬಹುಪಾಲು ಉಂಡೆಯಾಗಿ ಉದುರುತ್ತದೆ. ಉಳಿದದ್ದಕ್ಕೆ ಅಡುಗೆ ಎಣ್ಣೆ ಹಚ್ಚಿ, ಸೋಪಿನಿಂದ ತೊಳೆದರೆ ಸಾಕು.

ಎರಡು ಡಬ್ಬಿಗಳನ್ನು ಬೆರೆಸಿ ಹಚ್ಚುವ ಎಪಾಕ್ಸಿ ಅಂಟಿನದು ಇನ್ನೂ ಗಂಭೀರ ವಿಷಯ. ಸ್ವಿಟ್ಜರ್‌ಲೆಂಡಿನಿಂದ 1940ರ ದಶಕದಲ್ಲಿ ‘ಅರಾಲ್ಡೈಟ್’ ಹೆಸರಿನಲ್ಲಿ ಬಂದ ಈ ಅಂಟು ಹಸಿಯಾಗಿರುವಾಗ ಮತ್ತೆ ಮತ್ತೆ ಚರ್ಮಕ್ಕೆ ತಾಗುತ್ತಿದ್ದರೆ ಕೆಲವರಲ್ಲಿ ಅಲರ್ಜಿ ಹುಟ್ಟುತ್ತದೆ. ಒಮ್ಮೆ ಬಂದ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಆಮೇಲೆ ತುಸು ತಾಗಿದರೂ ಕೈ ಕೆಂಪಾಗಿ ತುರಿಸುತ್ತದೆ. ಹಾಗಾದವರು ಕಸುಬನ್ನೇ ಬಿಡಬೇಕಾಗಬಹುದು. ಹಸಿ ಎಪಾಕ್ಸಿಯನ್ನು ಥಿನ್ನರಿನಿಂದ ತೊಳೆಯುವುದು ಸರಿಯಲ್ಲ. ದ್ರಾವಕ ಅದನ್ನು ಚರ್ಮದೊಳಕ್ಕೆ ಒಯ್ಯುತ್ತದೆ. ಒಣ ಕಾಗದದಿಂದ ಒರೆಸಿ, ಸೋಪಿನಿಂದ ತೊಳೆಯಬೇಕು. ಈ ಅಂಟಿಗೆ ಕೈಗವಸೇ ನಿಜವಾದ ಮದ್ದು.

ಉಗುರಿನ ಸಂದಿಗೆ ಹೋದ ಅಂಟನ್ನು ಉಳಿಯ ತುದಿಯಿಂದಲೋ ಪಿನ್ನಿನಿಂದಲೋ ಕೆದಕುವುದು ಕಾರ್ಖಾನೆಗಳಲ್ಲಿ ಕಾಣುವ ಅಭ್ಯಾಸ. ಅಲ್ಲಿ ಆದ ಗಾಯ ಕೀವು ಕಟ್ಟಿದರೆ ಕೆಲಸ ದಿನಗಟ್ಟಲೆ ನಿಲ್ಲುತ್ತದೆ. ಬಿಸಿನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕೊನೆಗೆ ಕೊಬ್ಬರಿ ಎಣ್ಣೆ ಹಚ್ಚುವುದು ಕ್ಷೇಮ. ಕೆಲಸಕ್ಕೆ ಮೊದಲು ಉಗುರಿನಿಂದ ಸೋಪನ್ನು ಗೀರಿ ಸಂದಿ ತುಂಬಿಸಿಕೊಂಡರೆ ಅಂಟಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಏನು ಮಾಡಿದರೂ ಹೋಗದೆ ಉಳಿದದ್ದನ್ನು ದೇಹವೇ ಹೊರಹಾಕುತ್ತದೆ. ಚರ್ಮದ ಮೇಲ್ಪದರ ಕೆಲವೇ ವಾರಗಳಲ್ಲಿ ಉದುರಿ ಹೊಸದಾಗುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ.

ಬಿಡುವ ಗುಣ

ಬಿಡದ ಅಂಟುಗಳ ಈ ಕಾಲದಲ್ಲೂ ಬಿಡುವ ಅಂಟಿಗೆ ಬೆಲೆ ಹೋಗಿಲ್ಲ. ಪಿಟೀಲು ತಯಾರಕರು ಇಂದಿಗೂ ಚರ್ಮದ ಅಂಟನ್ನೇ ನೆಚ್ಚುತ್ತಾರೆ. 17-18ನೇ ಶತಮಾನಗಳಲ್ಲಿ ಇಟಲಿಯ ಸ್ಟ್ರಾಡಿವರಿ ಮಾಡಿದ ಪಿಟೀಲುಗಳು ಇಂದಿಗೂ ನುಡಿಯುತ್ತಿರುವುದಕ್ಕೆ ಒಂದು ಕಾರಣ, ಅವುಗಳ ಮೇಲ್ಹಲಗೆಯನ್ನು ಕೆಡದಂತೆ ಬಿಡಿಸಿ, ಒಳಗಿನದನ್ನು ದುರಸ್ತಿ ಮಾಡಿ, ಮತ್ತೆ ಅಂಟಿಸಲು ಬರುತ್ತದೆ ಎಂಬುದು. ನಮ್ಮ ವೀಣೆಯ 24 ಮೆಟ್ಟಿಲುಗಳೂ ಕೂತಿರುವುದು ಮೇಣದ ಮೇಲೆ. ಸ್ವರ ಜಾರಿದಾಗ ಮೇಣವನ್ನು ಬೆಚ್ಚಗೆ ಮಾಡಿ ಮೆಟ್ಟಿಲುಗಳನ್ನು ಸರಿಯಾದ ಸ್ಥಾನಕ್ಕೆ ಕೂರಿಸಿ ಮೇಳ ಕಟ್ಟುತ್ತಾರೆ. ಬಿಡಿಸಲು ಬಾರದ ಅಂಟಿನಲ್ಲಿ ಅವನ್ನು ಕೂರಿಸಿದ್ದರೆ ಒಮ್ಮೆ ತಪ್ಪಿದ ಸ್ವರ ತಪ್ಪಿದಂತೆಯೇ ಉಳಿಯುತ್ತಿತ್ತು. ಹಳೆಯ ವಸ್ತುಗಳನ್ನು ಕಾಪಾಡುವ ವಸ್ತುಸಂಗ್ರಹಾಲಯಗಳ ತಜ್ಞರೂ ಮುಂದಿನವರು ಬಿಡಿಸಲು ಬರುವಂಥ ಅಂಟನ್ನೇ ಆದಷ್ಟು ಆರಿಸುತ್ತಾರೆ.

ಪ್ಲೈವುಡ್ಡಿನ ಮನೆಗಳಲ್ಲಿ ಬದುಕುವ ನಾವು ಮರವಜ್ರದ ಕಾಲಕ್ಕೆ ಮರಳಲಾರೆವು, ಮರಳಬೇಕಾಗಿಯೂ ಇಲ್ಲ. ಆದರೆ ಗಟ್ಟಿಯಾದ ಅಂಟನ್ನು ಕೊಳ್ಳುವಾಗ ಅದನ್ನು ಬಿಡಿಸಿಕೊಳ್ಳುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ. ಕಪಾಟು ಮಾಡಿಸುವ ಮನೆಯವರು ಪ್ಲೈವುಡ್, ಸನ್‌ಮೈಕಾ, ಅಂಟಿನ ಡಬ್ಬಿಗಳ ಪಟ್ಟಿಯಲ್ಲಿ ಒಂದು ಜೊತೆ ಕೈಗವಸು, ಒಂದು ಸೋಪು, ಒಂದು ಬಾಟಲಿ ಕೊಬ್ಬರಿ ಎಣ್ಣೆಯನ್ನೂ ಸೇರಿಸಿದರೆ ಬೀಳುವ ಖರ್ಚು ಹೆಚ್ಚಿಲ್ಲ. ಕಪಾಟಿಗೆ ಅಂಟಿದ ಅಂಟು ಅಲ್ಲೇ ಇರಲಿ. ಅದನ್ನು ಕಟ್ಟಿದ ಕೈ ಸಂಜೆಗೆ ಶುಚಿಯಾಗಿ ಊಟಕ್ಕೆ ಕೂರುವಂತಾಗಲಿ.